ಸೀನು ಬಂದರೆ ಕಾಲು ಹೆಣೆದು ನಿಲ್ಲುವವರಿಗೆ

ಹೋದ ಸಂಚಿಕೆಯಲ್ಲಿ ಬೆನ್ನುನೋವಿನ ಬಗ್ಗೆ ಬರೆಯುತ್ತಾ ಕೊನೆಯಲ್ಲಿ ಒಂದೇ ಒಂದು ಸಾಲು ಸೇರಿಸಿದ್ದೆ: ಹೆರಿಗೆ ಆದ ಮೇಲೆ ಮೂತ್ರ ಸೋರುತ್ತಿದ್ದರೆ ಅದಕ್ಕೂ ಚಿಕಿತ್ಸೆ ಇದೆ ಅಂತ. ಬೆನ್ನುನೋವಿನ ಬಗ್ಗೆ ಎರಡು ಪತ್ರ ಬಂದವು. ಆ ಒಂದು ಸಾಲಿನ ಬಗ್ಗೆ ಬಂದ ಪತ್ರಗಳನ್ನು ಎಣಿಸುವುದನ್ನೇ ಬಿಟ್ಟೆ. ಒಬ್ಬರೂ ಹೆಸರು ಹಾಕಿಲ್ಲ. ಪರವಾಗಿಲ್ಲ. ನಾನು ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್. ಈ ಸೋರಿಕೆಗೆ ಮಾಡುವ ವ್ಯಾಯಾಮವನ್ನು ಬೇರೆಯವರಿಗೆ ಹೇಳಿಕೊಡುವವಳು. ಆದರೂ ನನ್ನ ಮೊದಲ ಮಗು ಆದ ಮೇಲೆ ಐದು ತಿಂಗಳು ಸೋರುತ್ತಿದ್ದಾಗ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಗಾಢ ಬಣ್ಣದ ಬಟ್ಟೆ ಹಾಕಿಕೊಂಡು ಓಡಾಡಿದೆ. ಹಾಗಾಗಿ ನಾಚಿಕೆ ಬಿಡಿ ಅಂತ ನಿಮಗೆ ಬುದ್ಧಿ ಹೇಳುವ ಅರ್ಹತೆ ನನಗಿಲ್ಲ. ನೇರವಾಗಿ ಪ್ರಶ್ನೆಗಳಿಗೆ ಬರುತ್ತೇನೆ.

ಪ್ರಶ್ನೆ: ಎರಡನೇ ಮಗುವಿಗೆ ಎಂಟು ತಿಂಗಳು. ಎರಡೂ ನಾರ್ಮಲ್ ಹೆರಿಗೆ. ಸೀನಿದರೆ, ಜೋರಾಗಿ ನಕ್ಕರೆ, ದೊಡ್ಡವನನ್ನು ಎತ್ತಿಕೊಂಡರೆ ಸ್ವಲ್ಪ ಮೂತ್ರ ಸೋರುತ್ತದೆ. ಡಾಕ್ಟರ್ "ಕೆಗೆಲ್ ಮಾಡಿ" ಅಂತ ಒಂದು ಮಾತು ಹೇಳಿ ಕಳಿಸಿದರು. ಗೆಳತಿ ಅಕ್ಯುಪಂಕ್ಚರ್ ಮಾಡಿಸಿಕೊಂಡು ಪೂರ್ತಿ ವಾಸಿಯಾಯಿತು ಅನ್ನುತ್ತಾಳೆ. ಯಾವುದನ್ನು ನಂಬಲಿ?

ಕೆಗೆಲ್, ಅಂದರೆ ಕೆಳಗಿನ ಸ್ನಾಯುವನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮ, ಅದು ಮೊದಲು. ಅಕ್ಯುಪಂಕ್ಚರ್‌ನ ಸೂಜಿ ಬೇಕಿದ್ದರೆ ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮುಂದೆ ಜನನಾಂಗದ ಮೇಲಿರುವ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ಒಳಗೆ ಒಂದು ಸ್ನಾಯುವಿನ ಜೋಲಿ ಕಟ್ಟಿದೆ ಅಂತ ಅಂದುಕೊಳ್ಳಿ. ಅದಕ್ಕೆ ಪೆಲ್ವಿಕ್ ಫ್ಲೋರ್ ಅನ್ನುತ್ತೇವೆ. ಮೂತ್ರಕೋಶ, ಗರ್ಭಕೋಶ, ಗುದದ್ವಾರದ ಭಾಗ, ಮೂರಕ್ಕೂ ಅದೇ ಆಸರೆ. ಸೀನಿದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಮೂತ್ರಕೋಶದ ಮೇಲೆ ಬೀಳುತ್ತದೆ. ಆಗ ಮೂತ್ರನಾಳ ಕೆಳಗಿನ ಈ ಜೋಲಿಗೆ ಒತ್ತಿಕೊಂಡು ಮುಚ್ಚಿಕೊಳ್ಳಬೇಕು. ಜಾನ್ ಡಿಲ್ಯಾನ್ಸಿ ಅನ್ನುವ ಅಮೆರಿಕದ ವೈದ್ಯರು 1994ರಲ್ಲಿ ಇದನ್ನು ವಿವರಿಸಿದ್ದು ನೀರಿನ ಪೈಪಿನ ಹೋಲಿಕೆಯಿಂದ. ಪೈಪನ್ನು ಗಟ್ಟಿ ನೆಲದ ಮೇಲಿಟ್ಟು ತುಳಿದರೆ ನೀರು ನಿಲ್ಲುತ್ತದೆ. ಕೆಸರಿನ ಮೇಲಿಟ್ಟು ತುಳಿದರೆ ಪೈಪೇ ಕೆಸರೊಳಗೆ ಇಳಿಯುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಹೆರಿಗೆಯಲ್ಲಿ ಆ ಜೋಲಿ ಹಿಗ್ಗುತ್ತದೆ, ಕೆಲವರಲ್ಲಿ ಮೂಳೆಗೆ ಅಂಟಿದ ಕಡೆ ಹರಿಯುವುದೂ ಉಂಟು, ಅದಕ್ಕೆ ಹೋಗುವ ನರ ಎಳೆದಾಡಿಸಿಕೊಂಡು ಸುಸ್ತಾಗುತ್ತದೆ. ನಿಮ್ಮ ತೊಂದರೆ ಅಷ್ಟೇ. ನೆಲ ಸಡಿಲ ಆಗಿದೆ, ಮೂತ್ರಕೋಶಕ್ಕೇನೂ ಆಗಿಲ್ಲ.

ಸಡಿಲವಾದ ಸ್ನಾಯುವನ್ನು ಗಟ್ಟಿ ಮಾಡಲು ಅದಕ್ಕೆ ಕೆಲಸ ಕೊಡಬೇಕು. ಇಷ್ಟು ಸರಳವಾದ ಮಾತಿಗೆ ಸಾಕ್ಷಿಯೂ ಚೆನ್ನಾಗಿದೆ. ಕಾಕ್ರೇನ್ ಅನ್ನುವ ಸಂಸ್ಥೆ ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಜರಡಿ ಹಿಡಿಯುತ್ತದೆ. 2018ರಲ್ಲಿ ಅದು 31 ಪ್ರಯೋಗಗಳನ್ನು ನೋಡಿತು, ಒಟ್ಟು 1,817 ಮಹಿಳೆಯರು. ಕೆಮ್ಮಿದಾಗ, ಸೀನಿದಾಗ ಸೋರುವ ಮಹಿಳೆಯರಲ್ಲಿ ವ್ಯಾಯಾಮ ಮಾಡಿದವರು "ವಾಸಿಯಾಯಿತು" ಅಂತ ಹೇಳುವ ಸಾಧ್ಯತೆ ಏನೂ ಮಾಡದವರಿಗಿಂತ ಸುಮಾರು 8 ಪಟ್ಟು. ಇವರು ಎಲ್ಲ ವಯಸ್ಸಿನವರು ಅನ್ನುವುದನ್ನು ಮುಚ್ಚಿಡುವುದಿಲ್ಲ. ಹೆರಿಗೆಯಾದವರನ್ನು ಮಾತ್ರ ತೆಗೆದುಕೊಂಡು ನೋಡಿದರೆ ಫಲ ಇಷ್ಟು ಎದ್ದು ಕಾಣುವುದಿಲ್ಲ, ಅದರ ಕಾರಣ ಮುಂದಿನ ಉತ್ತರದಲ್ಲಿ ಬರುತ್ತದೆ.

ಈಗ ಸೂಜಿಯ ವಿಷಯ. ನಿಮ್ಮ ಗೆಳತಿ ಸುಳ್ಳು ಹೇಳುತ್ತಿಲ್ಲ. 2017ರಲ್ಲಿ ಚೀನಾದ 12 ಆಸ್ಪತ್ರೆಗಳಲ್ಲಿ 504 ಮಹಿಳೆಯರ ಮೇಲೆ ನಡೆದ ಒಂದು ದೊಡ್ಡ ಪ್ರಯೋಗ ಪ್ರಕಟವಾಯಿತು. ಬೆನ್ನಿನ ಬುಡದ ತ್ರಿಕೋನ ಮೂಳೆಯ ಹತ್ತಿರ ಸೂಜಿ ಚುಚ್ಚಿ, ಅದಕ್ಕೆ ಸಣ್ಣ ವಿದ್ಯುತ್ ಹರಿಸಿ, 6 ವಾರದಲ್ಲಿ 18 ಸಲ ಚಿಕಿತ್ಸೆ. ಇದಕ್ಕೆ ಎಲೆಕ್ಟ್ರೋಅಕ್ಯುಪಂಕ್ಚರ್ ಅನ್ನುತ್ತಾರೆ. ಇನ್ನೊಂದು ಗುಂಪಿಗೆ ಚರ್ಮದೊಳಗೆ ಹೋಗದ ಮೊಂಡು ಸೂಜಿ, ಅಂದರೆ ನಾಟಕದ ಚಿಕಿತ್ಸೆ. ಅಳೆದಿದ್ದು ಹೇಗೆ ಗೊತ್ತಾ? ಪ್ಯಾಡ್ ಹಾಕಿಸಿ, ನೀರು ಕುಡಿಸಿ, ಓಡಾಡಿಸಿ, ಕೆಮ್ಮಿಸಿ, ಒಂದು ಗಂಟೆ ಆದ ಮೇಲೆ ಪ್ಯಾಡ್ ತೂಗುವುದು. ನಿಜವಾದ ಸೂಜಿಯ ಗುಂಪಿನಲ್ಲಿ ಸೋರಿಕೆ ಸರಾಸರಿ 9.9 ಗ್ರಾಂ ಕಡಿಮೆಯಾಯಿತು, ನಾಟಕದ ಗುಂಪಿನಲ್ಲಿ 2.6 ಗ್ರಾಂ. ಇದು ಗಾಳಿಮಾತಲ್ಲ, ಒಳ್ಳೆಯ ಪ್ರಯೋಗವೇ.

ಆದರೆ ಅದರಲ್ಲಿ ಇದ್ದವರ ವಯಸ್ಸು 40ರಿಂದ 75. ಎಂಟು ತಿಂಗಳ ಕೂಸಿಗೆ ಹಾಲುಣಿಸುವ ನಿಮ್ಮಂಥವರಲ್ಲ. ಹೋಲಿಸಿದ್ದು ಮೊಂಡು ಸೂಜಿಯ ಜೊತೆ, ವ್ಯಾಯಾಮದ ಜೊತೆ ಅಲ್ಲ. ಕೊಟ್ಟಿದ್ದು ವಿದ್ಯುತ್ ಹರಿಸಿದ ಸೂಜಿ. ಸುಮ್ನೆ ಕೈಗೆ, ಕಾಲಿಗೆ ನಾಲ್ಕು ಸೂಜಿ ಚುಚ್ಚಿ ಅರ್ಧ ಗಂಟೆ ಮಲಗಿಸಿದರೆ ಇದೇ ಫಲ ಬರುತ್ತದೆ ಅಂತ ಆ ಪ್ರಯೋಗ ಹೇಳುವುದಿಲ್ಲ. ಇನ್ನೂ ಒಂದು ಮಾತು. ಹೆರಿಗೆ ಆದ ಮೊದಲ ಕೆಲವು ತಿಂಗಳಲ್ಲಿ ಬಹಳ ಜನರಿಗೆ ಅದರಷ್ಟಕ್ಕೆ ಅದೇ ಸುಧಾರಿಸುತ್ತದೆ. ಆ ಹೊತ್ತಲ್ಲಿ ಏನೇ ಮಾಡಿಸಿಕೊಂಡಿದ್ದರೂ ಅದರಿಂದಲೇ ಆಯಿತು ಅನಿಸುತ್ತದೆ, ಅಲ್ವಾ? ನನ್ನ ಹತ್ತಿರ ವ್ಯಾಯಾಮಕ್ಕೆ ಬಂದು ಹೊಗಳಿ ಹೋದವರಲ್ಲೂ ಇಂಥವರು ಇರುತ್ತಾರೆ, ಅದು ನನಗೂ ಗೊತ್ತು.

ಇನ್ನು ಮಾಡುವುದು ಹೇಗೆ. ನಿಮ್ಮ ಡಾಕ್ಟರ್ ಹೇಳಬೇಕಿದ್ದ ಉಳಿದ ಮಾತುಗಳು ಇವು.

ಮೊದಲು ಮಲಗಿಕೊಂಡು, ಮೊಣಕಾಲು ಮಡಚಿ. ಗಾಳಿ ಹೋಗದ ಹಾಗೆ ಹಿಂದಿನ ದ್ವಾರವನ್ನು ಬಿಗಿ ಹಿಡಿಯಿರಿ, ಅದೇ ಹೊತ್ತಿಗೆ ಮೂತ್ರ ತಡೆಯುವ ಹಾಗೆ ಮುಂದೆಯೂ ಬಿಗಿ ಹಿಡಿಯಿರಿ, ಎರಡನ್ನೂ ಸೇರಿಸಿ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಮೇಲಕ್ಕೆ ಅನ್ನುವುದೇ ಮುಖ್ಯ. ಬರೀ ಹಿಂಡುವುದಲ್ಲ, ಎತ್ತುವುದು. ತೊಡೆ, ಪೃಷ್ಠ ಅಲುಗಬಾರದು. ಉಸಿರು ನಿಲ್ಲಬಾರದು. ನಾಲ್ಕು ಎಣಿಸುವವರೆಗೂ ಹಿಡಿಯಲು ಆಗದಿದ್ದರೆ ಎರಡು ಎಣಿಸಿ, ಸಾಕು. ಆಮೇಲೆ ಪೂರ್ತಿ ಬಿಡಿ, ಹಿಡಿದಷ್ಟೇ ಹೊತ್ತು ಅಥವಾ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಬಿಡಿ. ವಾರಗಳು ಕಳೆದ ಹಾಗೆ ಹಿಡಿಯುವ ಸಮಯ ಎಂಟು, ಹತ್ತು ಸೆಕೆಂಡಿಗೆ ಏರಲಿ. ಒಂದು ಹೊತ್ತಿಗೆ ಕನಿಷ್ಠ 8 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ಇದು ನನ್ನ ಲೆಕ್ಕ ಅಲ್ಲ, ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುವುದು. ಪ್ರತಿ ಹೊತ್ತಿನ ಕೊನೆಗೆ ಹತ್ತು ಸಲ ಪಟಪಟ ಅಂತ ಹಿಡಿದು ಬಿಡಿ. ಈ ಸ್ನಾಯುವಿನಲ್ಲಿ ಜಾಸ್ತಿ ಹೊತ್ತು ತಾಳುವ ಎಳೆಗಳೂ ಇವೆ, ತಟ್ಟನೆ ಬಿಗಿಯುವ ಎಳೆಗಳೂ ಇವೆ. ಸೀನಿಗೆ ಬೇಕಾಗುವುದು ಎರಡನೆಯದು.

ಮೂರು ತಿಂಗಳು ಕಾಯಲು ಆಗದವರಿಗೆ ಒಂದು ಉಪಾಯ ಉಂಟು. ಸೀನು ಬರುವುದು ಗೊತ್ತಾಗುತ್ತದಲ್ಲ, ಆ ಕ್ಷಣದಲ್ಲಿ, ಸೀನುವುದಕ್ಕೆ ಮೊದಲೇ ಬಿಗಿ ಹಿಡಿಯುವುದು. ಮಗುವನ್ನು ಎತ್ತುವ ಮೊದಲು ಕೂಡ. ಮೊದಲು ಬಿಗಿ, ಆಮೇಲೆ ಎತ್ತು. ಇದಕ್ಕೆ ನಮ್ಮ ವೃತ್ತಿಯಲ್ಲಿ "ನ್ಯಾಕ್" ಅನ್ನುತ್ತೇವೆ. 1998ರಲ್ಲಿ ಪ್ರಕಟವಾದ ಮಿಷಿಗನ್ನಿನ ಒಂದು ಅಧ್ಯಯನದಲ್ಲಿ ಇದನ್ನು ಕಲಿತ ವಯಸ್ಸಾದ ಮಹಿಳೆಯರಿಗೆ ಒಂದೇ ವಾರದಲ್ಲಿ ಕೆಮ್ಮಿದಾಗಿನ ಸೋರಿಕೆ ಕಡಿಮೆಯಾಗಿತ್ತು. ಒಂದು ವಾರದಲ್ಲಿ ಸ್ನಾಯು ಬೆಳೆಯುವುದಿಲ್ಲ. ಸಮಯಕ್ಕೆ ಸರಿಯಾಗಿ ಹಿಡಿದದ್ದೇ ಕೆಲಸ ಮಾಡಿತು. ನನ್ನನ್ನು ಗಾಢ ಬಣ್ಣದ ಬಟ್ಟೆಯಿಂದ ಮೊದಲು ಬಿಡಿಸಿದ್ದು ಇದೇ.

ಪ್ರಶ್ನೆ: ಎರಡು ತಿಂಗಳಿಂದ ಕೆಗೆಲ್ ಮಾಡುತ್ತಿದ್ದೇನೆ. ದಿನಕ್ಕೆ 200 ಸಲ, ಟಾಯ್ಲೆಟ್‌ಗೆ ಹೋದಾಗ ಮೂತ್ರ ನಿಲ್ಲಿಸಿ ನಿಲ್ಲಿಸಿ ಕೂಡ ಮಾಡುತ್ತೇನೆ. ಏನೂ ವ್ಯತ್ಯಾಸ ಇಲ್ಲ, ಈಗ ಕೆಳಗೆ ನೋವು ಬೇರೆ ಶುರುವಾಗಿದೆ. ಇದೆಲ್ಲ ಬಿಟ್ಟು ಸೂಜಿ ಹಾಕಿಸಿಕೊಳ್ಳಲಾ?

ಮೊದಲು ಆ 200 ನಿಲ್ಲಿಸಿ. ಇವತ್ತೇ.

ಮೂತ್ರ ಹೋಗುವಾಗ ತಡೆಯುವುದು ಸ್ನಾಯು ಎಲ್ಲಿದೆ ಅಂತ ಗುರುತಿಸಲು ಒಂದು ಸಲ ಮಾಡುವ ಪರೀಕ್ಷೆ ಅಷ್ಟೇ. ದಿನಾ ಮಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗುವ ಅಭ್ಯಾಸ ಕೆಡುತ್ತದೆ, ಒಳಗೆ ಉಳಿದ ಮೂತ್ರದಲ್ಲಿ ಸೋಂಕು ಆಗಬಹುದು. ಯಾರೋ ಹೇಳಿಕೊಟ್ಟಿರುತ್ತಾರೆ, ನಿಮ್ಮ ತಪ್ಪಲ್ಲ.

ಎರಡನೆಯದು, ನೀವು ಮಾಡುತ್ತಿರುವುದು ಸರಿಯಾದ ಸ್ನಾಯುವಿನ ವ್ಯಾಯಾಮವೇನಾ ಅನ್ನುವುದೇ ನನಗೆ ಅನುಮಾನ. ಬೇಜಾರು ಮಾಡಿಕೊಳ್ಳಬೇಡಿ. 1991ರಲ್ಲಿ ರಿಚರ್ಡ್ ಬಂಪ್ ಮತ್ತು ಜೊತೆಗಾರರು 47 ಮಹಿಳೆಯರಿಗೆ ಬಾಯಿಮಾತಲ್ಲಿ ಹೇಳಿಕೊಟ್ಟು ಅಳೆದು ನೋಡಿದರು. ಸರಿಯಾಗಿ ಮಾಡಿದವರು ಸುಮಾರು ಅರ್ಧ ಮಾತ್ರ. ಕಾಲು ಭಾಗದಷ್ಟು ಜನ ಮಾಡಿದ ರೀತಿ ಸೋರಿಕೆಯನ್ನು ಜಾಸ್ತಿಯೇ ಮಾಡುವಂಥದ್ದು, ಅಂದರೆ ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ತಳ್ಳುತ್ತಿದ್ದರು. ಕೈ ಎತ್ತಿ ಅಂದರೆ ಎತ್ತಿದ್ದು ಕಣ್ಣಿಗೆ ಕಾಣುತ್ತದೆ. ಈ ಸ್ನಾಯು ಕಾಣುವುದಿಲ್ಲವಲ್ಲ.

ಆರ್ನಾಲ್ಡ್ ಕೆಗೆಲ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದ ಆ ಅಮೆರಿಕದ ಸ್ತ್ರೀರೋಗ ತಜ್ಞರು ಬರೀ "ಹಿಂಡಿ" ಅಂತ ಹೇಳಿ ಕಳಿಸುತ್ತಿರಲಿಲ್ಲ. ಯೋನಿಯೊಳಗೆ ಇಡುವ, ಒತ್ತಡ ತೋರಿಸುವ ಒಂದು ಮಾಪಕವನ್ನೇ ಮಾಡಿದ್ದರು. ಮುಳ್ಳು ಏರಿದರೆ ಸರಿ, ಏರದಿದ್ದರೆ ತಪ್ಪು. ಆಮೇಲೆ ಬಂದವರೆಲ್ಲ ಅವರ ಹೆಸರನ್ನು ಇಟ್ಟುಕೊಂಡು ಮಾಪಕವನ್ನು ಮರೆತರು. ನನಗೆ ಇದರ ಮೇಲೆ ಬಹಳ ವರ್ಷದಿಂದ ಸಿಟ್ಟಿದೆ.

ಹಾಗಂತ ಓಡಿಹೋಗಿ ಸ್ನಾಯುವಿನ ಬಿಗಿತ ತೋರಿಸುವ ಯಂತ್ರ ಕೊಳ್ಳಬೇಡಿ. 2020ರಲ್ಲಿ ಬ್ರಿಟನ್ನಿನಲ್ಲಿ 600 ಮಹಿಳೆಯರ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಒಬ್ಬ ತರಬೇತುದಾರರು ಸರಿಯಾಗಿ ಹೇಳಿಕೊಟ್ಟಿದ್ದರೆ, ಅದರ ಜೊತೆ ಯಂತ್ರ ಸೇರಿಸಿದ್ದರಿಂದ ಎರಡು ವರ್ಷದ ನಂತರ ಹೆಚ್ಚಿನ ಲಾಭ ಏನೂ ಕಾಣಲಿಲ್ಲ. ಬೇಕಾಗಿರುವುದು ಯಂತ್ರ ಅಲ್ಲ, ಒಂದು ಸಲ ಮುಟ್ಟಿ ಪರೀಕ್ಷಿಸಿ "ಹೌದು, ಇದೇ" ಅಂತ ಹೇಳುವ ಒಬ್ಬರು. ಮಹಿಳೆಯರ ಆರೋಗ್ಯದಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಸಿಕ್ಕರೆ ಒಳ್ಳೆಯದು. ಸಿಗುವವರೆಗೆ ಸ್ನಾನದ ಹೊತ್ತಲ್ಲಿ ಒಂದು ಬೆರಳನ್ನು ಒಳಗಿಟ್ಟು ಬಿಗಿ ಹಿಡಿದು ನೋಡಿ. ಬೆರಳಿನ ಸುತ್ತ ಹಿಡಿತ ಬಂದು ಒಳಕ್ಕೆ ಎಳೆದ ಹಾಗೆ ಆದರೆ ಸರಿ. ಹೊರಕ್ಕೆ ತಳ್ಳಿದರೆ ಉಲ್ಟಾ ಮಾಡುತ್ತಿದ್ದೀರಿ. ಕನ್ನಡಿ ಹಿಡಿದೂ ನೋಡಬಹುದು: ಎರಡು ದ್ವಾರಗಳ ನಡುವಿನ ಜಾಗ ಒಳಕ್ಕೆ ಹೋಗಬೇಕು, ಉಬ್ಬಬಾರದು.

ಮೂರನೆಯದು ನೋವು. ಇದನ್ನು ಕೇಳಿದಾಗ ನನ್ನ ಕಿವಿ ನೆಟ್ಟಗಾಗುತ್ತದೆ. ಕೆಲವರಲ್ಲಿ ಈ ಸ್ನಾಯು ಸಡಿಲ ಇರುವುದಿಲ್ಲ, ಸದಾ ಬಿಗಿದುಕೊಂಡೇ ಇರುತ್ತದೆ. ಹೊಲಿಗೆಯ ನೋವಿನಿಂದಲೋ, ಸೋರುತ್ತದೆ ಅನ್ನುವ ಹೆದರಿಕೆಯಿಂದ ದಿನವಿಡೀ ಹಿಡಿದುಕೊಂಡೇ ಇದ್ದದ್ದರಿಂದಲೋ ಹೀಗಾಗುತ್ತದೆ. ಮೊದಲೇ ಮುಷ್ಟಿ ಕಟ್ಟಿದ ಕೈಗೆ ಇನ್ನೂ ಮುಷ್ಟಿ ಕಟ್ಟು ಅಂದರೆ ಏನು ಮಾಡೀತು? ಇಂಥವರಿಗೆ ಮೊದಲು ಬಿಡುವುದನ್ನು ಕಲಿಸಬೇಕು: ಹೊಟ್ಟೆ ಉಬ್ಬುವ ಹಾಗೆ ನಿಧಾನ ಉಸಿರು ತೆಗೆದುಕೊಂಡು, ಕೆಳಗಿನ ಸ್ನಾಯು ಹೂವಿನ ಹಾಗೆ ಅರಳಲು ಬಿಡುವುದು. ಮಿಲನದಲ್ಲಿ ನೋವು, ಮಲಮೂತ್ರ ಬಿಡಲು ತಿಣುಕುವುದು ಇದ್ದರೆ ನೀವು ಈ ಗುಂಪಿನವರೇ ಇರಬಹುದು. ಪರೀಕ್ಷೆ ಮಾಡಿಸದೆ ವ್ಯಾಯಾಮ ಮುಂದುವರಿಸಬೇಡಿ. ಸೂಜಿಯನ್ನೂ ಈಗಲೇ ಹಾಕಿಸಬೇಡಿ. ಏನಾಗಿದೆ ಅಂತ ಗೊತ್ತಾಗದೆ ಎರಡನೇ ಚಿಕಿತ್ಸೆಗೆ ಹೋದರೆ ಇದೇ ಕಥೆ ಮತ್ತೆ ಆಗುತ್ತದೆ.

ಹೋದ ಉತ್ತರದಲ್ಲಿ ಬಾಕಿ ಇಟ್ಟ ಮಾತು. ಬ್ರಿಟನ್ ಮತ್ತು ನ್ಯೂಜಿಲೆಂಡಿನಲ್ಲಿ ಹೆರಿಗೆಯಾಗಿ 3 ತಿಂಗಳಾದರೂ ಸೋರುತ್ತಿದ್ದ 747 ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆದಿತ್ತು. ಅರ್ಧ ಜನರ ಮನೆಗೆ ನರ್ಸ್ ಹೋಗಿ ವ್ಯಾಯಾಮ ಹೇಳಿಕೊಟ್ಟರು. ವರ್ಷದ ಕೊನೆಗೆ ಆ ಗುಂಪಿನಲ್ಲಿ ಇನ್ನೂ ಸೋರುತ್ತಿದ್ದವರು ನೂರಕ್ಕೆ 60, ಉಳಿದವರಲ್ಲಿ 69. ಲಾಭ ಇದೆ, ಆದರೆ ಪವಾಡ ಅಲ್ಲ. ಆರು ವರ್ಷ ಬಿಟ್ಟು ಹೋಗಿ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವೇ ಉಳಿದಿರಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಎರಡು ಮೂರು ಭೇಟಿಯಲ್ಲಿ ಕಲಿತ ವ್ಯಾಯಾಮವನ್ನು ಚಿಕ್ಕ ಮಗು ಇರುವ ತಾಯಿ ಎಷ್ಟು ದಿನ ಮಾಡಿಯಾಳು? ಮಾಡುವುದನ್ನು ಬಿಟ್ಟರೆ ಸ್ನಾಯು ಮತ್ತೆ ಸೊರಗುತ್ತದೆ, ತೋಳಿನ ಸ್ನಾಯುವಿನ ಹಾಗೇ. ಸರಿಹೋದ ಮೇಲೂ ದಿನಕ್ಕೆ ಒಂದು ಹೊತ್ತು ಇಟ್ಟುಕೊಳ್ಳಿ. ಹಾಲುಣಿಸಲು ಕೂತಾಗ ಮಾಡುವುದು ನನಗೆ ಒಗ್ಗಿತ್ತು, ಹೇಗೂ ಎದ್ದು ಓಡುವ ಹಾಗಿರುವುದಿಲ್ಲವಲ್ಲ.

ಪ್ರಶ್ನೆ: ನನಗೆ ಸಿಸೇರಿಯನ್ ಆಗಿದ್ದು. ಕೆಳಗೆ ಏನೂ ಆಗೇ ಇಲ್ಲ. ಆದರೂ ಯಾಕೆ ಸೋರುತ್ತದೆ?

ಒಂಬತ್ತು ತಿಂಗಳು ಹೊತ್ತಿದ್ದು ಅದೇ ಸ್ನಾಯು ತಾನೇ. ಮಗುವಿನ ಭಾರ, ಗರ್ಭಿಣಿಯಲ್ಲಿ ಏರುವ ಹಾರ್ಮೋನು, ಇವೆರಡೇ ಸಾಕು ಸಡಿಲ ಮಾಡಲು. ನಾರ್ವೆಯಲ್ಲಿ 15,307 ಮಹಿಳೆಯರನ್ನು ಕೇಳಿ 2003ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಮಕ್ಕಳೇ ಆಗದವರಲ್ಲಿ ಸೋರುವವರು ನೂರಕ್ಕೆ 10, ಸಿಸೇರಿಯನ್ ಮಾತ್ರ ಆದವರಲ್ಲಿ 16, ನಾರ್ಮಲ್ ಹೆರಿಗೆಯವರಲ್ಲಿ 21. ಕಡಿಮೆ ಹೌದು, ಸೊನ್ನೆ ಅಲ್ಲ. ವ್ಯಾಯಾಮ ನಿಮಗೂ ಅದೇ. ಹೊಟ್ಟೆಯ ಗಾಯಕ್ಕೂ ಈ ಸ್ನಾಯುವಿಗೂ ಸಂಬಂಧ ಇಲ್ಲ, ಮೂತ್ರ ಹೋಗಲು ಇಟ್ಟ ನಳಿಕೆ, ಅಂದರೆ ಕ್ಯಾತಿಟರ್ ತೆಗೆದು ಮೂತ್ರ ಸಲೀಸಾಗಿ ಹೋಗುತ್ತಿದ್ದರೆ ಶುರುಮಾಡಬಹುದು.

ಪ್ರಶ್ನೆ: ಕೆಮ್ಮಿದರೆ, ಸೀನಿದರೆ ನನಗೇನೂ ಆಗುವುದಿಲ್ಲ. ಆದರೆ ಬಂತು ಅಂದರೆ ಬಂತು, ಬಾಗಿಲಿಗೆ ಕೀ ಹಾಕುವಷ್ಟರಲ್ಲಿ, ನಲ್ಲಿ ಸದ್ದು ಕೇಳಿದರೆ ಸಾಕು, ತಡೆಯಲು ಆಗುವುದಿಲ್ಲ. ಮಗುವಿಗೆ ಒಂದು ವರ್ಷ. ಕಾಲಿನ ಹರಡಿನ ಹತ್ತಿರ ಸೂಜಿ ಹಾಕಿದರೆ ಮೂತ್ರ ನಿಲ್ಲುತ್ತದೆ ಅಂತ ಓದಿದೆ. ನಗು ಬಂತು. ನಿಜವಾ?

ನಗಬೇಡಿ, ನಿಜ. ಮತ್ತೆ ನಿಮ್ಮದು ಮೊದಲನೇ ಪತ್ರದವರ ತೊಂದರೆ ಅಲ್ಲ, ಬೇರೆ. ಅವರದು ನೆಲದ ಸಮಸ್ಯೆ, ನಿಮ್ಮದು ಮೂತ್ರಕೋಶವೇ ಅವಸರ ಮಾಡುವುದು. ತುಂಬುವ ಮೊದಲೇ ಅದು ಹಿಂಡಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಇರುವವರೂ ಬಹಳ ಜನ.

ಕಾಲಿನ ಒಳ ಹರಡಿನಿಂದ ಸುಮಾರು ಮೂರು ಬೆರಳು ಮೇಲೆ ಟಿಬಿಯಲ್ ಅನ್ನುವ ನರ ಹೋಗುತ್ತದೆ. ಮೂತ್ರಕೋಶಕ್ಕೆ ಹೋಗುವ ನರಗಳು ಬೆನ್ನುಹುರಿಯ ಯಾವ ಭಾಗದಿಂದ ಹೊರಡುತ್ತವೋ ಈ ನರದ ಬೇರೂ ಅಲ್ಲೇ ಇದೆ. ಕೆಳಗಿನಿಂದ ಸಣ್ಣ ವಿದ್ಯುತ್ ಕಳಿಸಿದರೆ ಮೇಲಿನ ಗಲಾಟೆ ತಣ್ಣಗಾಗುತ್ತದೆ. ವೈದ್ಯರು ತೆಳುವಾದ ಒಂದು ಸೂಜಿ ಇಟ್ಟು, ವಾರಕ್ಕೊಮ್ಮೆ 30 ನಿಮಿಷ, 12 ವಾರ ಮಾಡುತ್ತಾರೆ. ಇದು ಈಗ ಆಸ್ಪತ್ರೆಯ ಚಿಕಿತ್ಸೆ, ಅವಸರದ ಮೂತ್ರಕೋಶಕ್ಕೆ. ತಮಾಷೆ ಏನೆಂದರೆ, ಚೀನೀ ಅಕ್ಯುಪಂಕ್ಚರ್‌ನಲ್ಲಿ "ಸಾನ್‌ಯಿನ್‌ಜಿಯಾವ್" ಅನ್ನುವ ಹಳೆಯ ಬಿಂದು ಹೆಚ್ಚುಕಡಿಮೆ ಅದೇ ಜಾಗದಲ್ಲಿದೆ. ಚಿ ಅನ್ನುವ ಪ್ರಾಣಶಕ್ತಿ ಹರಿಯುತ್ತದೆ ಅಂತ ಅವರು ಹೇಳುತ್ತಾರೆ, ನರ ಅಂತ ನಾವು ಹೇಳುತ್ತೇವೆ. ನನಗೆ ನರದ ವಿವರಣೆ ಸಾಕು, ಆದರೆ ಜಾಗ ಕಂಡುಕೊಂಡವರಿಗೆ ಮೆಚ್ಚುಗೆ ಕೊಡಲೇಬೇಕು.

ಆದರೂ ಸೂಜಿಗೆ ಮೊದಲು ಮಾಡುವ ಕೆಲಸ ಇದೆ. ಮೂರು ದಿನ ಒಂದು ಪುಸ್ತಕದಲ್ಲಿ ಬರೆಯಿರಿ: ಎಷ್ಟು ಕುಡಿದಿರಿ, ಎಷ್ಟು ಗಂಟೆಗೆ ಹೋದಿರಿ, ಅಳತೆಯ ಲೋಟದಲ್ಲಿ ಎಷ್ಟು ಬಂತು, ಯಾವಾಗ ಸೋರಿತು. ದೊಡ್ಡವರ ಮೂತ್ರಕೋಶ ಆರಾಮಾಗಿ 400 ಮಿಲಿಲೀಟರ್ ಹಿಡಿಯುತ್ತದೆ. ನಿಮಗೆ ಪ್ರತಿ ಸಲ 100, 120 ಬರುತ್ತಿದ್ದರೆ ಅದಕ್ಕೆ ಕೆಟ್ಟ ಅಭ್ಯಾಸ ಹತ್ತಿದೆ ಅಂತ ಅರ್ಥ. "ಹೊರಗೆ ಹೋಗಬೇಕು, ಯಾವುದಕ್ಕೂ ಒಂದು ಸಲ ಹೋಗಿಬಿಡೋಣ" ಅಂತ ಗಂಟೆಗೊಮ್ಮೆ ಹೋಗುವುದೇ ಆ ಅಭ್ಯಾಸವನ್ನು ಸಾಕುವುದು. ಅವಸರ ಬಂದಾಗ ಓಡಬೇಡಿ. ನಿಂತುಬಿಡಿ, ಅಥವಾ ಕೂತುಬಿಡಿ. ಐದಾರು ಸಲ ತಟ್ಟತಟ್ಟನೆ ಬಿಗಿ ಹಿಡಿಯಿರಿ. ಈ ಸ್ನಾಯು ಬಿಗಿದರೆ ಮೂತ್ರಕೋಶಕ್ಕೆ ಸುಮ್ಮನಿರು ಅನ್ನುವ ಸಂದೇಶ ಹೋಗುತ್ತದೆ. ಅಲೆ ಇಳಿದ ಮೇಲೆ ನಿಧಾನ ನಡೆದು ಹೋಗಿ. ಈ ವಾರ ಹತ್ತು ನಿಮಿಷ ಮುಂದಕ್ಕೆ ತಳ್ಳಿ, ಮುಂದಿನ ವಾರ ಹದಿನೈದು. ಕಾಫಿ, ಟೀ ಕಡಿಮೆ ಮಾಡಿ, ಆದರೆ ನೀರು ಬಿಡಬೇಡಿ. ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಉರಿ ಜಾಸ್ತಿಯಾಗುತ್ತದೆ, ಹಾಲುಣಿಸುವವರಿಗಂತೂ ನೀರು ಬೇಕೇ ಬೇಕು. ಇಷ್ಟಾದ ಮೇಲೂ ಬಗ್ಗದಿದ್ದರೆ ಹರಡಿನ ಸೂಜಿಯ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ.

ಪ್ರಶ್ನೆ: ಹೆಂಡತಿಗೆ ಈ ತೊಂದರೆ ಇದೆ ಅಂತ ನನಗೆ ಗೊತ್ತು. ಅವಳಿಗೆ ನನಗೆ ಗೊತ್ತಿದೆ ಅಂತ ಗೊತ್ತಿಲ್ಲ. ಹೇಗೆ ಮಾತಾಡಲಿ?

ಈ ಪುಟ ಮಡಚಿ ಅವರ ಕೈಗೆ ಸಿಗುವ ಹಾಗಿಡಿ. ಆಮೇಲೆ ಮಗುವನ್ನು ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ ನೀವು ಎತ್ತಿಕೊಳ್ಳಿ.

ಪ್ರಶ್ನೆ: ನಾನು ಅಕ್ಯುಪಂಕ್ಚರ್ ಮಾಡಿಸಿಕೊಳ್ಳಬೇಕು ಅಂತಲೇ ನಿರ್ಧಾರ ಮಾಡಿದ್ದೇನೆ, ವ್ಯಾಯಾಮವೂ ಮಾಡುತ್ತೇನೆ. ಹಾಲುಣಿಸುತ್ತಿದ್ದೇನೆ, ಮಗುವಿಗೆ ನಾಲ್ಕು ತಿಂಗಳು. ಏನು ಕೇಳಬೇಕು, ಏನು ನೋಡಬೇಕು?

ಹಾಲುಣಿಸುವುದಕ್ಕೆ ಸೂಜಿಯಿಂದ ತೊಂದರೆ ಇಲ್ಲ. ನೋಡಬೇಕಾದ ಮೊದಲ ವಿಷಯ ಸೂಜಿಯ ಪೊಟ್ಟಣ. ಒಂದೇ ಸಲ ಬಳಸಿ ಬಿಸಾಡುವ, ನಿಮ್ಮ ಕಣ್ಣೆದುರೇ ಸೀಲ್ ಒಡೆಯುವ ಸೂಜಿ ಆಗಿರಬೇಕು. ಇಟ್ಟುಕೊಂಡು ಮತ್ತೆ ಬಳಸುವವರಾದರೆ ಚಪ್ಪಲಿ ಹಾಕಿಕೊಂಡು ವಾಪಸ್ ಬನ್ನಿ. ಚಿಕಿತ್ಸಕರಿಗೆ ತರಬೇತಿ ಎಲ್ಲಿ ಆಯಿತು ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ರಕ್ತ ತೆಳು ಮಾಡುವ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಹೆರಿಗೆ ಆದ ಮೇಲೆ ಕೆಲವರಿಗೆ ಕೊಟ್ಟಿರುತ್ತಾರೆ. ಪೇಸ್‌ಮೇಕರ್ ಇದ್ದರೆ ವಿದ್ಯುತ್ ಹರಿಸುವ ಸೂಜಿ ಬೇಡವೇ ಬೇಡ. ಮತ್ತೆ ಗರ್ಭಿಣಿ ಆಗಿರುವ ಸಾಧ್ಯತೆ ಇದ್ದರೆ ಮೊದಲೇ ತಿಳಿಸಿ. ನಾಲ್ಕು ತಿಂಗಳಿಗೆ ಇನ್ನೊಂದಾ ಅಂತ ಹುಬ್ಬೇರಿಸಬೇಡಿ, ಮುಟ್ಟು ಶುರುವಾಗುವ ಮೊದಲೇ ಆಗುವುದುಂಟು. ಹರಡಿನ ಬಿಂದು, ಬೆನ್ನಿನ ಬುಡದ ಬಿಂದುಗಳನ್ನು ಗರ್ಭಿಣಿಯರಲ್ಲಿ ಸಾಂಪ್ರದಾಯಿಕ ಚಿಕಿತ್ಸಕರೂ ಮುಟ್ಟುವುದಿಲ್ಲ.

ಚುಚ್ಚಿದ ಕಡೆ ಸ್ವಲ್ಪ ನೋವು, ಒಂದು ಹನಿ ರಕ್ತ, ಚಿಕ್ಕ ನೀಲಿ ಕಲೆ, ತಲೆ ಸ್ವಲ್ಪ ಹಗುರಾದ ಹಾಗೆ ಅನಿಸುವುದು, ಇವು ಸಾಮಾನ್ಯ. ನಿದ್ದೆಗೆಟ್ಟ ತಾಯಂದಿರು ಹೊಟ್ಟೆ ಹಸಿದುಕೊಂಡು ಹೋಗಬಾರದು, ತಲೆಸುತ್ತು ಬರುತ್ತದೆ. "ಎಷ್ಟು ಸಲ ಬರಬೇಕು, ಯಾವಾಗ ಇದು ಕೆಲಸ ಮಾಡುತ್ತಿಲ್ಲ ಅಂತ ತೀರ್ಮಾನ ಮಾಡುತ್ತೀರಿ?" ಅನ್ನುವ ಪ್ರಶ್ನೆ ಮೊದಲ ದಿನವೇ ಕೇಳಿ. ಆ ಚೀನೀ ಪ್ರಯೋಗದಲ್ಲಿ 18 ಸಲಕ್ಕೆ ಲೆಕ್ಕ ಹಾಕಿದ್ದರು. ಕೊನೆಯೇ ಇಲ್ಲದ ಚಿಕಿತ್ಸೆಗೆ ಒಪ್ಪಿಕೊಳ್ಳಬೇಡಿ. "ನಮ್ಮ ಸೂಜಿ ಇದ್ದರೆ ವ್ಯಾಯಾಮ ಬೇಡ" ಅನ್ನುವವರನ್ನಂತೂ ನಾನು ನಂಬುವುದಿಲ್ಲ.

ಪ್ರಶ್ನೆ: ಹೆರಿಗೆಗೆ ಮುಂಚೆ ದಿನಾ ಓಡುತ್ತಿದ್ದೆ. ಈಗ ಆರು ವಾರ ಆಯಿತು, ಚೆಕಪ್ ಆಗಿದೆ. ಮತ್ತೆ ಓಡಬಹುದಾ?

ಬೇಡ, ಇನ್ನೂ ಆರು ವಾರ ತಾಳಿ. ಮಹಿಳೆಯರ ಆರೋಗ್ಯದ ಫಿಸಿಯೋಥೆರಪಿಸ್ಟ್‌ಗಳು 2019ರಲ್ಲಿ ಮಾಡಿದ ಸಲಹೆಯ ಪ್ರಕಾರ ಓಟಕ್ಕೆ ಕನಿಷ್ಠ ಮೂರು ತಿಂಗಳು ಆಗಬೇಕು, ಅದೂ ಸೋರಿಕೆ, ನೋವು, ಕೆಳಗೆ ಭಾರ ಇಲ್ಲದಿದ್ದರೆ. ಅಲ್ಲಿಯವರೆಗೆ ನಡಿಗೆ. ಅರ್ಧ ಗಂಟೆ ನಡೆದು, ಒಂಟಿ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿದರೂ ಏನೂ ಆಗದಿದ್ದರೆ ಆಮೇಲೆ ಮಾತಾಡೋಣ.

ಪ್ರಶ್ನೆ: ನನ್ನ ಮಗಳಿಗೇ 24 ವರ್ಷ. ಅವಳು ಹುಟ್ಟಿದಾಗಿನಿಂದ ಸೋರುತ್ತದೆ. ಈಗ ವ್ಯಾಯಾಮ ಮಾಡಿ ಏನು ಪ್ರಯೋಜನ?

ಇದೆ. ಸ್ನಾಯುವಿಗೆ ವಯಸ್ಸು ಗೊತ್ತಾಗುವುದು ನಾವು ಅಂದುಕೊಂಡದ್ದಕ್ಕಿಂತ ನಿಧಾನ, ಮತ್ತು ಮೇಲೆ ಹೇಳಿದ ಸೂಜಿಯ ಪ್ರಯೋಗ ನಡೆದದ್ದೂ ನಿಮ್ಮ ವಯಸ್ಸಿನವರ ಮೇಲೇ. ಇಪ್ಪತ್ತನಾಲ್ಕು ವರ್ಷ ತಾಳಿದ್ದೀರಿ, ಮೂರು ತಿಂಗಳು ಕೊಟ್ಟು ನೋಡಿ. ಮೂರು ತಿಂಗಳಾದರೂ ಬಗ್ಗದಿದ್ದರೆ ಆಸರೆಗೆ ಯೋನಿಯೊಳಗೆ ಇಟ್ಟುಕೊಳ್ಳುವ ಪೆಸರಿ ಅನ್ನುವ ಸಾಧನ ಇದೆ, ಶಸ್ತ್ರಚಿಕಿತ್ಸೆಯೂ ಇದೆ. ಮಕ್ಕಳಾಗುವುದೆಲ್ಲ ಮುಗಿದವರಿಗೆ ಅದರ ಬಗ್ಗೆ ಯೋಚಿಸುವುದು ಸುಲಭ. ಅಂದ ಹಾಗೆ, ಕೆಳಗೆ ಏನೋ ಗಂಟು ಇಳಿದ ಹಾಗೆ ಅನಿಸುತ್ತದೆ ಅಂತ ಪತ್ರದ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿದ್ದೀರಿ. ಅದು ಗರ್ಭಕೋಶ ಜಾರಿದ್ದೂ ಇರಬಹುದು, ಮೊದಲು ತೋರಿಸಿ.

ಪ್ರಶ್ನೆ: ಹೆರಿಗೆ ಬಹಳ ಕಷ್ಟವಾಯಿತು, ಎರಡು ದಿನ ನೋವು ತಿಂದೆ. ಅವತ್ತಿನಿಂದ ಮೂತ್ರ ಸೋರುತ್ತಲೇ ಇದೆ. ಕೆಮ್ಮಬೇಕು ಅಂತೇನಿಲ್ಲ, ಕೂತರೂ, ನಿಂತರೂ, ಮಲಗಿದ್ದರೂ. ಹಾಸಿಗೆ ಒದ್ದೆ. ಯಾವ ವ್ಯಾಯಾಮ ಮಾಡಲಿ?

ಯಾವುದೂ ಬೇಡ. ಸೂಜಿಯೂ ಬೇಡ. ನಿಮ್ಮ ಪತ್ರ ಅಡಿಯಲ್ಲಿ ಸಿಕ್ಕಿತು, ಇಲ್ಲದಿದ್ದರೆ ಮೊದಲೇ ಉತ್ತರಿಸುತ್ತಿದ್ದೆ.

ಬಿಡದೆ ಸೋರುವುದು ಬೇರೆಯದೇ ವಿಷಯ. ಮಗುವಿನ ತಲೆ ಬಹಳ ಹೊತ್ತು ಒಂದೇ ಕಡೆ ಒತ್ತಿದಾಗ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬೀಳಬಹುದು. ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಅಥವಾ ಮೂತ್ರ ಹೋಗದೆ ಕಟ್ಟಿ, ಮೂತ್ರಕೋಶ ತುಂಬಿ ತುಳುಕುತ್ತಿರಬಹುದು. ಎರಡೂ ಡಾಕ್ಟರ್ ನೋಡಬೇಕಾದವು, ಫಿಸ್ಟುಲಾ ಚಿಕ್ಕದಿದ್ದು ಬೇಗ ಗೊತ್ತಾದರೆ ಕ್ಯಾತಿಟರ್ ಇಟ್ಟೇ ಮುಚ್ಚಿಕೊಳ್ಳುವುದೂ ಉಂಟು, ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯಿಂದ ಮುಚ್ಚುತ್ತಾರೆ. ಇದೇ ವಾರ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಜ್ವರ, ಮೂತ್ರದಲ್ಲಿ ರಕ್ತ, ಕೂರುವ ಜಾಗ ಮರಗಟ್ಟಿದ ಹಾಗೆ ಅನಿಸುವುದು, ಮೂತ್ರ ಬಿಡಲೇ ಆಗದಿರುವುದು, ಇವುಗಳಲ್ಲಿ ಒಂದಿದ್ದರೂ ಇವತ್ತೇ ಹೋಗಿ.

ಅಲ್ಲಿ "ಮೂತ್ರ ಸೋರುತ್ತದೆ" ಅಂತ ಮಾತ್ರ ಹೇಳಬೇಡಿ, ಎಲ್ಲರಿಗೂ ಹೇಳುವ ಹಾಗೆ ನಿಮಗೂ ಕೆಗೆಲ್ ಹೇಳಿ ಕಳಿಸಿಬಿಡುತ್ತಾರೆ. "ಮಲಗಿದ್ದಾಗಲೂ ಸೋರುತ್ತದೆ, ಎರಡು ದಿನದ ಹೆರಿಗೆ ಆಗಿತ್ತು" ಅಂತ ಮೊದಲ ಮಾತಲ್ಲೇ ಹೇಳಿ.